ಡ್ರಮ್ಮಿನ ಮೇಲೊಂದು ಕಾಲು

ಭಾನುವಾರ, ಅಡುಗೆಮನೆ

ಜರ್ಮನಿಗೆ ಹೋಗಿ ಬಂದವರು ಹೇಳುವ ಕೋಟೆ, ನದಿ, ಕಾರು, ಬಿಯರು ಇವುಗಳ ವಿಷಯ ದಯವಿಟ್ಟು ನನ್ನನ್ನು ಕೇಳಬೇಡಿ. ನಾನು ಅಲ್ಲಿ ಮನಸ್ಸಿಟ್ಟು ನೋಡಿದ್ದು ಒಂದು ಶಾಲೆಯ ಜಿಮ್ ಹಾಲು, ಒಂದು ಬಸ್ಸು, ಒಂದು ಫುಟ್‌ಬಾಲ್ ಮೈದಾನ, ಮತ್ತು ನನ್ನದೇ ಎಡಗಾಲು. ಎಡಗಾಲು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನೀವು ಕೇಳಬಹುದು. ಹೋಗಬೇಕಿತ್ತು.

ಜರ್ಮನಿಯವರು ಕಂಪ್ಯೂಟರ್ ಬಲ್ಲವರನ್ನು ಕರೆಕರೆದು ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲ ಅದು. ಗದಗಿನ ಪ್ರಹ್ಲಾದ ಎಂಬ ನನಗೂ ಒಂದು ಸಿಕ್ಕಿತು. ಡ್ರೆಸ್ಡೆನ್ನಿನ ಒಂದು ಚಿಪ್ ಕಾರ್ಖಾನೆಯಲ್ಲಿ ಕೆಲಸ. ನನ್ನ ಜೊತೆಗೇ ಸೇರಿದ ಮೈಸೂರಿನ ಶ್ರೀಧರ ಪಟ್ಟಣದ ಒಳಗೇ ಮನೆ ಹಿಡಿದ. ನನ್ನ ಪಾಲಿಗೆ ಬಂದದ್ದು ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಲಿಂಡೆನ್‌ರೋಡ ಎಂಬ ಪುಟ್ಟ ಊರಿನ ಒಂದು ಮಹಡಿಮನೆ. ಒಂದು ಬೇಕರಿ, ಒಂದು ಶಾಲೆ, ಒಂದು ಅಂಚೆ ಕಚೇರಿ. ಸಂಜೆ ಆರರ ಮೇಲೆ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ವಯಸ್ಸಿನ ಹುಡುಗರೆಲ್ಲ ಕೆಲಸ ಹುಡುಕಿಕೊಂಡು ಪಶ್ಚಿಮದ ಕಡೆ ಹೋಗಿದ್ದರಂತೆ. ಅವರು ಬಿಟ್ಟುಹೋದ ಜಾಗಕ್ಕೆ ನಾನು ಗದಗಿನಿಂದ ಬಂದಿಳಿದಿದ್ದೆ.

ಹೋದ ಮೊದಲ ಭಾನುವಾರ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸುಮ್ಮನೆ ಕೂತರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ಶಾಲೆಯಲ್ಲಿ ಅಂಟಿದ ಚಾಳಿ. ನಮ್ಮ ಹೈಸ್ಕೂಲಿನ ಬ್ಯಾಂಡಿನಲ್ಲಿ ನಾನು ಸೈಡ್ ಡ್ರಮ್ ಬಾರಿಸುತ್ತಿದ್ದೆ. ಎರಡು ಸೌಟು ಹಿಡಿದು ಮೇಜಿನ ಮೇಲೂ ನಡುನಡುವೆ ಸ್ಟೀಲ್ ಡಬ್ಬಿಯ ಮೇಲೂ ಆಗಸ್ಟ್ ಹದಿನೈದರ ಕವಾಯತು ಶುರು ಮಾಡಿದೆ. ಪಥಸಂಚಲನ ಇನ್ನೇನು ಧ್ವಜಸ್ತಂಭದ ಹತ್ತಿರ ಬಂತು ಅನ್ನುವಾಗ ಬಾಗಿಲ ಗಂಟೆ ಬಡಿದುಕೊಂಡಿತು.

ಕೆಳಮನೆಯ ಒಡತಿ. ಅರವತ್ತು ದಾಟಿದ, ಗಿಡ್ಡ ಕೂದಲಿನ, ಒಂದು ಕಾಲದಲ್ಲಿ ಟ್ರಾಮ್ ಓಡಿಸುತ್ತಿದ್ದ ಹೆಂಗಸು. ಎಳೆಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಹೇಳಿದರು: "ಇವತ್ತು. ಭಾನುವಾರ."

ಭಾನುವಾರ ಎಂದು ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಏನೆಂದರೆ, ಅಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ವಾಷಿಂಗ್ ಮಷೀನ್ ಹಾಕುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಎಸೆಯುವಂತೆಯೂ ಇಲ್ಲ. ನಮ್ಮಲ್ಲಿ ವಾರವಿಡೀ ಮುಂದೂಡಿದ ಸದ್ದನ್ನೆಲ್ಲ ಮಾಡಿ ಮುಗಿಸುವುದೇ ಭಾನುವಾರ. ನಾನು ಸೌಟು ಬೆನ್ನ ಹಿಂದೆ ಅಡಗಿಸಿಕೊಂಡು ಕ್ಷಮೆ ಕೇಳಿದೆ. ಅವರು ಹೋಗಲಿಲ್ಲ. ಮೇಜು ನೋಡಿದರು, ಡಬ್ಬಿ ನೋಡಿದರು, ಕೊನೆಗೆ "ನಿನ್ನ ಎಡಗೈ ಸೋಮಾರಿ" ಎಂದರು. ಆಮೇಲೆ ಬುಧವಾರ ಸಂಜೆ ಶಾಲೆಯ ಜಿಮ್ ಹಾಲಿಗೆ ಬರಬೇಕೆಂದು ಅಪ್ಪಣೆ ಕೊಟ್ಟು ಇಳಿದುಹೋದರು.

ನನ್ನ ಜರ್ಮನ್ ಆಗ ಬ್ರೆಡ್ಡು, ಹಾಲು, ಟಿಕೆಟ್ಟಿನಷ್ಟೇ ಇತ್ತು. ಶ್ರೀಧರನಿಗೆ ಫೋನು ಹಚ್ಚಿದೆ.

"ಶಾಲೆಗೆ ಕರೆದಿದಾರೆ ಅಂದ್ರೆ ಪಂಚಾಯ್ತಿ ಇರ್ಬೇಕು ಗುರು," ಎಂದ ಅವನು. "ಯಾವುದಕ್ಕೂ ಪಾಸ್‌ಪೋರ್ಟ್ ತಗೊಂಡ್ಹೋಗು."

ಬುಧವಾರ, ಜಿಮ್ ಹಾಲು

ಪಾಸ್‌ಪೋರ್ಟು, ವಿಳಾಸ ನೋಂದಣಿಯ ಆನ್‌ಮೆಲ್ಡುಂಗ್ ಕಾಗದ, ಕಂಪನಿಯ ಗುರುತಿನ ಚೀಟಿ ಎಲ್ಲ ಅಂಗಿಯ ಜೇಬಿನಲ್ಲಿ ತುರುಕಿಕೊಂಡು ಹೋದೆ. ಹಾಲಿನ ಬಾಗಿಲು ತೆಗೆದರೆ ಎದುರಿಗೆ ಮೂವತ್ತು ಜನ, ಅವರಲ್ಲಿ ಅರ್ಧದಷ್ಟು ಮಂದಿಯ ಕೈಯಲ್ಲಿ ಹೊಳೆಯುವ ಹಿತ್ತಾಳೆ ಕಹಳೆ. ಪಂಚಾಯ್ತಿಗೆ ಕಹಳೆ ಯಾಕೆ ಎಂದು ನಾನು ಯೋಚಿಸುತ್ತಿರುವಾಗಲೇ ಮೊದಲನೆಯವರು ಬಂದು ಕೈ ಕುಲುಕಿದರು. ಹಿಂದೆಯೇ ಎರಡನೆಯವರು. ಆ ಊರಿನಲ್ಲಿ ಯಾರಾದರೂ ಒಳಗೆ ಬಂದರೆ ಇದ್ದವರೆಲ್ಲರ ಕೈಯನ್ನೂ ಕುಲುಕಬೇಕು. ಒಬ್ಬರನ್ನೂ ಬಿಡುವಂತಿಲ್ಲ. ನಮ್ಮಲ್ಲಿ ಬಾಗಿಲಲ್ಲೇ ನಿಂತು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಎಸೆದರೆ ಮುಗಿಯಿತು. ಅಲ್ಲಿ ಅದೇ ಅರ್ಧ ತಾಲೀಮು.

ಅದು ಆ ಊರಿನ ಫಾನ್‌ಫಾರೆನ್‌ಟ್ಸೂಗ್. ಅಂದರೆ ಕಹಳೆ ಮತ್ತು ಡ್ರಮ್ಮುಗಳ ದಂಡು. ಕಹಳೆಗೆ ಒತ್ತುವ ಗುಂಡಿ ಒಂದೂ ಇಲ್ಲ, ಎಲ್ಲ ಸ್ವರವೂ ತುಟಿಯಿಂದಲೇ ಬರಬೇಕು. ಬಾರಿಸುತ್ತಾ ನಡೆಯಬೇಕು, ತಿರುಗಬೇಕು, ಸಾಲು ದಾರ ಹಿಡಿದಂತಿರಬೇಕು. ವರ್ಷಕ್ಕೊಮ್ಮೆ ಸುತ್ತಲಿನ ಊರುಗಳ ದಂಡುಗಳೆಲ್ಲ ಒಂದೆಡೆ ಸೇರಿ ಸ್ಪರ್ಧೆ. ತೀರ್ಪುಗಾರರು ಸಂಗೀತಕ್ಕೆ ಬೇರೆ, ಹೆಜ್ಜೆಗೆ ಬೇರೆ ಅಂಕ ಕೊಡುತ್ತಾರೆ. ಯಾವನಾದರೂ ಒಬ್ಬ ಮೂಗು ಕೆರೆದುಕೊಂಡರೂ ಅಂಕ ಕಡಿತ.

ನಮ್ಮ ಮನೆಯೊಡತಿಯೇ ಡ್ರಮ್ಮಿನ ಸಾಲಿನ ಮುಖ್ಯಸ್ಥೆ. ದಂಡಿನಲ್ಲಿ ಯಾರೂ ಯಾರಿಗೂ ಬಹುವಚನ ಹಚ್ಚುವುದಿಲ್ಲವಂತೆ. "ನನ್ನನ್ನು ಬರೀ ಕ್ರಿಸ್ಟೆಲ್ ಅನ್ನು" ಎಂದರು. ಅವ್ವನ ವಯಸ್ಸಿನ ಹೆಂಗಸನ್ನು ಹೆಸರು ಹಿಡಿದು ಕರೆಯಲಿಕ್ಕೆ ನಾಲಿಗೆ ಹೊರಳಬೇಕಲ್ಲ! ತಡವರಿಸಿ, ಗೊತ್ತಿದ್ದ ನಾಲ್ಕು ಪದಗಳಲ್ಲಿ ಒಂದನ್ನು ಹೆಕ್ಕಿ "ಟಾಂಟೆ ಕ್ರಿಸ್ಟೆಲ್" ಎಂದೆ. ಟಾಂಟೆ ಅಂದರೆ ಅವರಲ್ಲಿ ಮಾವಶಿ, ಅತ್ತೆ, ಕಾಕು ಎಲ್ಲವೂ. ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಬುಧವಾರದಿಂದ ಅವರು ಎಲ್ಲರಿಗೂ ಟಾಂಟೆ ಕ್ರಿಸ್ಟೆಲ್ ಆದರು. ನನ್ನ ಮನಸ್ಸಿನಲ್ಲಿ ಕ್ರಿಸ್ಟೆಲ್ ಮಾವಶಿ ಆದರು.

ಹೆಸರು ಹಿಡಿದು ಕರೆಸಿಕೊಳ್ಳದವರು ಒಬ್ಬರೇ, ಹೆರ್ ಜೈಡೆಲ್, ಅಂದರೆ ಶ್ರೀಮಾನ್ ಜೈಡೆಲ್. ಉದ್ದನೆಯ ಬೆಳ್ಳಿಯ ಕೋಲು ಹಿಡಿದು ದಂಡಿನ ಮುಂದೆ ನಡೆಯುವವರು ಅವರು. ಆ ಶಾಲೆಯಲ್ಲೇ ವ್ಯಾಯಾಮದ ಮಾಸ್ತರಾಗಿ ಅಲ್ಲಿದ್ದವರಲ್ಲಿ ಮುಕ್ಕಾಲು ಜನಕ್ಕೆ ಕಿವಿ ಹಿಂಡಿ ಕಲಿಸಿದವರು. ನನ್ನ ಹೆಗಲಿಗೆ ಡ್ರಮ್ ತೂಗುಹಾಕಿ "ಬಾರಿಸು" ಎಂದರು. ಬಾರಿಸಿದೆ. "ಎಡಗೈ ಸೋಮಾರಿ," ಎಂದರು ಅವರೂ. ಆಮೇಲೆ ಉಳಿದವರ ಕಡೆ ತಿರುಗಿ ತಲೆಯಾಡಿಸಿದರು. ಅಷ್ಟೇ, ನಾನು ಸೇರಿದ್ದಾಯಿತು. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ.

ನನ್ನನ್ನು ಯಾಕೆ ಅಷ್ಟು ಸುಲಭವಾಗಿ ಸೇರಿಸಿಕೊಂಡರು ಎಂಬುದನ್ನು ಪಕ್ಕದಲ್ಲಿ ಬಾರಿಸುತ್ತಿದ್ದ ಬೇಕರಿಯ ಉವೆ ಹೇಳಿದ. ಡ್ರಮ್ಮಿನ ಸಾಲಿಗೆ ಐದು ಜನ ಬೇಕು. ಐದನೆಯವನು ಕಾರು ಕಾರ್ಖಾನೆಯ ಕೆಲಸಕ್ಕೆಂದು ಸ್ಟುಟ್‌ಗಾರ್ಟಿಗೆ ಹೋದ. ಸಾಲಿನ ನಟ್ಟನಡುವೆ ತೂತು ಬಿದ್ದಿತ್ತು, ಹಿಂದಿನ ವರ್ಷ ಆ ತೂತಿನಿಂದಲೇ ದಂಡು ಎಲ್ಲರಿಗಿಂತ ಕೊನೆಗೆ ಬಂತು. ಈ ವರ್ಷದ ಸ್ಪರ್ಧೆಯ ನಂತರ ಹೆರ್ ಜೈಡೆಲ್ ಕೋಲನ್ನು ಬೇರೆಯವರಿಗೆ ಒಪ್ಪಿಸಿ ಬಿಡುವವರಿದ್ದರು.

"ಗೆಲ್ಲುವುದೆಲ್ಲ ಬೇಡ," ಎಂದ ಉವೆ, ದನಿ ತಗ್ಗಿಸಿ. "ಮುದುಕ ಕೊನೆಯ ಸ್ಥಾನದಿಂದ ಮನೆಗೆ ಹೋಗಬಾರದು. ಅಷ್ಟು ಸಾಕು."

ಎಡಗಾಲು

ಬುಧವಾರಗಳು ಬಂದವು, ಹೋದವು. ಎಷ್ಟು ಚೆನ್ನಾಗಿದ್ದವು ಅಂತೀರಿ! ತಾಲೀಮು ಮುಗಿದ ಮೇಲೆ ಹಾಲಿನ ಹಿಂದೆ ಕೆಂಡ ಹಾಕಿ ಸಾಸೇಜು ಸುಡುತ್ತಿದ್ದರು. ನಾನು ತಿನ್ನುವುದಿಲ್ಲ ಎಂದು ತಿಳಿದಾಗ ಉವೆ ಬನ್ನಿನೊಳಗೆ ಬರೀ ಸಾಸಿವೆ ಸವರಿ ಕೊಟ್ಟ. ಪಾಪ, ಮುಂದಿನ ವಾರದಿಂದ ಅದರೊಳಗೆ ಒಂದು ಉಪ್ಪಿನಕಾಯಿ ಸೌತೆಯೂ ಬಂತು. ನಾನು ಮಿರ್ಚಿ ಭಜಿ ಮಾಡಿ ಒಯ್ದ ದಿನ ಕಹಳೆಯವರಲ್ಲಿ ಯಾರಿಗೂ ತುಟಿ ನೆಟ್ಟಗೆ ಆಡಲಿಲ್ಲ. ಹೆರ್ ಜೈಡೆಲ್ ತಾಲೀಮಿಗೆ ಮುಂಚೆ ಭಜಿ ನಿಷೇಧಿಸಿದರು.

ನನ್ನ ಎಡಗೈಯನ್ನು ಕ್ರಿಸ್ಟೆಲ್ ಮಾವಶಿ ತಿದ್ದಿ ತೀಡಿ ದಾರಿಗೆ ತಂದರು. ತೊಂದರೆ ಬಂದದ್ದು ಎಡಗಾಲಿನಿಂದ.

ಪ್ರದರ್ಶನದ ಕೊನೆಯಲ್ಲಿ ಒಂದು ಭಂಗಿ ಇತ್ತು. ಕಹಳೆಯವರು ಕಹಳೆಗಳನ್ನು ಆಕಾಶಕ್ಕೆ ಎತ್ತಿ ಕಡೆಯ ಸ್ವರವನ್ನು ಉದ್ದಕ್ಕೆ ಹಿಡಿಯುತ್ತಾರೆ. ಡ್ರಮ್ಮಿನವರು ಐದೂ ಜನ ಡ್ರಮ್ ಬಿಚ್ಚಿ ನೆಲಕ್ಕಿಟ್ಟು, ಎಡಗಾಲನ್ನು ಅದರ ಲೋಹದ ಬಳೆಯ ಮೇಲೆ ಇಟ್ಟು, ತಲೆಯ ಮೇಲೆ ಎರಡೂ ಕೋಲುಗಳನ್ನು ಅಡ್ಡ ಹಿಡಿದು ನಿಲ್ಲಬೇಕು. ಹಳೇ ಕಾಲದ ಸೈನಿಕರ ಗತ್ತು. ಬಹಳ ವರ್ಷದಿಂದ ಲಿಂಡೆನ್‌ರೋಡದ ಗುರುತೇ ಅದಂತೆ.

ಮೊದಲ ಸಲ ತೋರಿಸಿಕೊಟ್ಟಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ವಾದ್ಯದ ಮೇಲೆ ಕಾಲು! ನಮ್ಮ ಶಾಲೆಯಲ್ಲಿ ಖಂಡೇನವಮಿಯ ದಿನ ಆ ಡ್ರಮ್ಮುಗಳಿಗೇ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆಯುತ್ತಿದ್ದೆವು. ಎತ್ತಿಡುವಾಗ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಮರೆತರೆ ಪಿ.ಟಿ. ಮಾಸ್ತರರ ಕೈ ಬೆನ್ನ ಮೇಲೆ ಬೀಳುತ್ತಿತ್ತು. ಆ ಭಯ ಹೋಗಿ ಎಷ್ಟೋ ವರ್ಷವಾಗಿತ್ತು, ಅಭ್ಯಾಸ ಹೋಗಿರಲಿಲ್ಲ. ಹೆರ್ ಜೈಡೆಲ್ ಎಣಿಸಿದರು. ನಾಲ್ಕು ಎಡಗಾಲು ಮೇಲೆದ್ದವು. ನನ್ನದು ಎದ್ದು, ಗಾಳಿಯಲ್ಲಿ ಯೋಚಿಸಿ, ವಾಪಸ್ಸು ನೆಲಕ್ಕೆ ಬಂತು.

"ಮಂಡಿಯಲ್ಲಿ ನೋವೇ?" ಎಂದು ಕೇಳಿದರು.

ನನ್ನ ಜರ್ಮನ್‌ನಲ್ಲಿ ಇದನ್ನೆಲ್ಲ ಹೇಳುವುದು ಹೇಗೆ? "ಡ್ರಮ್ಮು ದೇವರು" ಎಂದೆ. ಆ ಸೀಮೆಯಲ್ಲಿ ದೇವರ ಗೊಡವೆಗೆ ಹೋಗುವವರೇ ಕಡಿಮೆ, ದೈವಭಕ್ತರೆಲ್ಲ ದಕ್ಷಿಣದ ಬವೇರಿಯಾ ಸೀಮೆಯಲ್ಲಂತೆ. ಹೆರ್ ಜೈಡೆಲ್ ನನ್ನನ್ನೇ ನೋಡಿ, "ದೇವರು ಬೇಕಾದವರು ಬವೇರಿಯಾದಲ್ಲಿ ಮನೆ ಮಾಡಬೇಕು" ಎಂದು ಹೇಳಿ ಮತ್ತೆ ಎಣಿಸಲು ಶುರು ಮಾಡಿದರು. ಆ ಸಂಜೆ ಕ್ರಿಸ್ಟೆಲ್ ಮಾವಶಿ ಮೆಟ್ಟಿಲು ಹತ್ತಿ ಬಂದು ಒಂದು ದೊಡ್ಡ ಡಬ್ಬಿ ಮುಲಾಮು ಕೊಟ್ಟರು. ಮೇಲೆ ಕುದುರೆಯ ಚಿತ್ರ. ಕುದುರೆಗಳ ಕಾಲಿಗೆ ಹಚ್ಚುವುದಂತೆ, ಮನುಷ್ಯರಿಗೂ ಬಲು ಒಳ್ಳೆಯದಂತೆ. ಅವರ ಮನಸ್ಸು ನೋಯಿಸಲಾರದೆ ಏನೂ ಆಗಿರದ ಮಂಡಿಗೆ ಒಂದು ವಾರ ಹಚ್ಚಿಕೊಂಡೆ. ರೈಲಿನಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.

ಶ್ರೀಧರನಿಗೆ ಮತ್ತೆ ಫೋನು.

"ಮಗಾ, ಅದು ಫ್ಯಾಕ್ಟ್ರಿಲಿ ಮಾಡಿರೋ ಪ್ಲಾಸ್ಟಿಕ್ ಡ್ರಮ್ಮು ಕಣೋ. ಅದಕ್ಕ್ಯಾವ ದೇವ್ರು? ಕಣ್ಮುಚ್ಕೊಂಡು ಕಾಲಿಡು."

"ಆಗೂದಿಲ್ಲೋ ಮಾರಾಯಾ. ಕಾಲು ಏಳೂದ ಇಲ್ಲ."

"ಹಂಗಾದ್ರೆ ಇಟ್ಟಂಗ್ ಮಾಡು. ಮುಟ್ಟಿಸ್ಬೇಡ, ಒಂಚೂರು ಮೇಲೆ ನಿಲ್ಲಿಸ್ಕೊ. ಯಾವನಿಗ್ ಗೊತ್ತಾಗತ್ತೆ?"

ಮೈಸೂರಿನವರ ತಲೆಯೇ ತಲೆ ಎಂದುಕೊಂಡೆ. ಮುಂದಿನ ಬುಧವಾರ ಬಳೆಗಿಂತ ಒಂದು ಬೆರಳು ಮೇಲೆ ಕಾಲು ನಿಲ್ಲಿಸಿದೆ. ಕಹಳೆಯ ಕಡೆಯ ಸ್ವರ ಅಷ್ಟು ಉದ್ದ ಎಂದು ನನಗೆ ಅವತ್ತೇ ಗೊತ್ತಾದದ್ದು. ತೊಡೆ ನಡುಗಿತು, ಸೊಂಟ ನಡುಗಿತು, ನಾನು ಉವೆಯ ಮೇಲೆ ಬಿದ್ದೆ, ಉವೆ ಆಚೆ ಬದಿಗೆ ಡ್ರಮ್ ಹಿಡಿದಿದ್ದ ತನ್ನ ಹೆಂಡತಿಯ ಮೇಲೆ ಬಿದ್ದ. ಬೀಳುವಾಗ ನನ್ನ ಬೂಟು ಡ್ರಮ್ಮಿಗೆ ತಾಗಿತು. ಎದ್ದವನೇ ಯಾರ ಕಡೆಗೂ ನೋಡದೆ ಡ್ರಮ್ ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡೆ. ಉವೆಗೆ ಪೆಟ್ಟಾಯಿತೇ ಎಂದು ಕೇಳಿದ್ದು ಅದಾದ ಮೇಲೆ.

ಕ್ರಿಸ್ಟೆಲ್ ಮಾವಶಿ ಅದನ್ನು ನೋಡಿದರು. ಹೆರ್ ಜೈಡೆಲ್ ಮಾತ್ರ ಮುಖ ಕೆಂಪಗೆ ಮಾಡಿಕೊಂಡು "ಶಿಸ್ತು!" ಎಂದು ಕೂಗಿ ಕೋಲನ್ನು ನೆಲಕ್ಕೆ ಕುಟ್ಟಿದರು.

ಅಡ್ವಾನ್ಸ್ ಶುಭಾಶಯ

ಹೆರ್ ಜೈಡೆಲ್ ಅವರ ಹುಟ್ಟುಹಬ್ಬ ಒಂದು ಗುರುವಾರ ಬರುವುದಿತ್ತು. ಬುಧವಾರವೇ ಎಲ್ಲರೂ ಸಿಗುತ್ತಾರೆ, ಮುನಿಸಿಕೊಂಡ ಮುದುಕರನ್ನು ಸಮಾಧಾನ ಮಾಡಿದಂತೆಯೂ ಆಗುತ್ತದೆ ಎಂದು ನಾನು ಒಂದು ಡಬ್ಬಿ ರವೆ ಉಂಡಿ ಕಟ್ಟಿಕೊಂಡು ಹೋದೆ. ಕೈ ಕುಲುಕುತ್ತಾ, ನಮ್ಮ ರೂಢಿಯಂತೆ ಗಟ್ಟಿಯಾಗಿ ಹೇಳಿದೆ: "ನಾಳೆಯ ಹುಟ್ಟುಹಬ್ಬಕ್ಕೆ ಇವತ್ತೇ ಶುಭಾಶಯಗಳು!"

ಅಯ್ಯಯ್ಯೋ, ಹಾಲಿನಲ್ಲಿ ಹಾಹಾಕಾರ. ನಮ್ಮ ಡ್ರಮ್ಮಿನ ಸಾಲಿನ ಕಾಟ್ರಿನ್ ಎಂಬ ನರ್ಸು ಕೈಯಿಂದ ಬಾಯಿ ಮುಚ್ಚಿಕೊಂಡಳು. ಉವೆ ಓಡಿಹೋಗಿ ಮರದ ಬೆಂಚನ್ನು ಟಕಟಕ ಬಡಿದ. ಹೆರ್ ಜೈಡೆಲ್ ಮುಖದಲ್ಲಿ ರಕ್ತವೇ ಇರಲಿಲ್ಲ. ದಿನ ಬರುವ ಮುಂಚೆ ಶುಭಾಶಯ ಹೇಳಿದರೆ ಕೇಡಾಗುತ್ತದಂತೆ, ಮರ ಬಡಿದರೆ ಆ ಕೇಡು ತಪ್ಪುತ್ತದಂತೆ! ನಮ್ಮಲ್ಲಿ ಒಂದು ವಾರ ಮೊದಲೇ ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ದೇವರಿಲ್ಲ, ದಿಂಡರಿಲ್ಲ ಎನ್ನುವ ಆ ದೊಡ್ಡ ಮನುಷ್ಯರು ತಮ್ಮ ಬೆಳ್ಳಿಯ ಕೋಲು ಬದಿಗಿಟ್ಟು, ತಾವೂ ಹೋಗಿ ಬೆಂಚನ್ನು ಮೂರು ಸಲ ಬಡಿದು ಬಂದರು.

ಆಗ ಕ್ರಿಸ್ಟೆಲ್ ಮಾವಶಿ ಜೋರಾಗಿ ನಗಲು ಶುರು ಮಾಡಿದರು. ಹೆರ್ ಜೈಡೆಲ್ ಅವರ ಎದೆಗೆ ಬೆರಳು ತಿವಿದು, ನನಗೂ ಅರ್ಥವಾಗುವಷ್ಟು ಬಿಡಿಸಿ ಹೇಳಿದರು: "ನೋಡಿದೆಯಾ? ಇದೇ. ಇದೇ ಅವನ ಎಡಗಾಲು."

ಹೆರ್ ಜೈಡೆಲ್ ಬೆಂಚನ್ನು ನೋಡಿದರು. ಆಮೇಲೆ ನನ್ನನ್ನು. ಉಂಡಿಯ ಡಬ್ಬಿಯನ್ನು ಭದ್ರವಾಗಿ ಮುಚ್ಚಿ, "ಇದನ್ನು ನಾಳೆ ತಿನ್ನುತ್ತೇನೆ" ಎಂದರು. ಹಾಗೆಯೇ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಕಡೆಯ ಭಂಗಿಯಲ್ಲಿ ನೀನು ಕಾಲಿಡಬೇಡ. ಆ ಕಣ್ಣಿಗೆ ಮುಟ್ಟಿಸಿಕೊಳ್ಳುತ್ತೀಯಲ್ಲ, ಅದನ್ನೇ ಮಾಡು. ಅಂಕ ಹೋದರೆ ಹೋಗಲಿ."

ಹೋದರೆ ಹೋಗಲಿ ಎಂದಾಗ ಅವರ ದನಿ ಸ್ವಲ್ಪ ಕೆಳಗಿಳಿಯಿತು. ನಾಲ್ಕು ಜನ ಕಾಲೆತ್ತಿ ನಿಂತಾಗ ನಡುವಿನವನೊಬ್ಬ ಬಗ್ಗಿ ನಮಸ್ಕಾರ ಮಾಡಿದರೆ ತೀರ್ಪುಗಾರರು ಬಿಡುತ್ತಾರೆಯೇ? ಅಲ್ಲಿಂದ ಮುಂದಿನ ತಾಲೀಮುಗಳಲ್ಲೆಲ್ಲ ನಾನು ಹಾಗೆಯೇ ಮಾಡಿದೆ, ಕೋಲು ಕಂಕುಳಲ್ಲಿ ಇರುಕಿಸಿ, ಬಗ್ಗಿ ಡ್ರಮ್ ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಯಾರೂ ಚಕಾರ ಎತ್ತಲಿಲ್ಲ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬಟ್ಟೆಬುಟ್ಟಿ

ಸ್ಪರ್ಧೆಗೆ ಒಂದು ವಾರ ಇರುವಾಗ ನಾನು ನಿರ್ಧಾರ ಮಾಡಿದೆ. ಆ ಒಂದು ಸಲ ಕಾಲಿಡುತ್ತೇನೆ. ಸರಸ್ವತಿಗೆ ಮೊದಲೇ ಹೇಳಿಕೊಂಡರಾಯಿತು. ಮುದುಕರು ನನಗಾಗಿ ಅಷ್ಟು ಬಿಟ್ಟುಕೊಟ್ಟ ಮೇಲೆ ನಾನೂ ಇಷ್ಟು ಬಿಡಬಾರದೇ? ಯಾರಿಗೂ ಹೇಳಬಾರದು, ಮೈದಾನದಲ್ಲಿ ಅವರೇ ನೋಡಿ ಖುಷಿಪಡಲಿ ಎಂದುಕೊಂಡೆ.

ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ಕಾಲಿಡುವುದಕ್ಕೆ ಡ್ರಮ್ಮಿನ ಎತ್ತರದ ವಸ್ತು ಬೇಕಲ್ಲ. ಅಕ್ಕಿಯ ಡಬ್ಬ ಇತ್ತು, ಅನ್ನಪೂರ್ಣೆ, ಬೇಡ. ಪುಸ್ತಕಗಳ ಪೆಟ್ಟಿಗೆ, ಮತ್ತೆ ಸರಸ್ವತಿ. ಕಂಪನಿಯ ಕಂಪ್ಯೂಟರಿನ ಖಾಲಿ ಡಬ್ಬ, ಅದರಿಂದಲೇ ಹೊಟ್ಟೆಪಾಡು, ಆಗದು. ಮನೆ ಪೂರ್ತಿ ಸುತ್ತಿದರೂ ನಿರ್ಭಯವಾಗಿ ಕಾಲಿಡಬಹುದಾದದ್ದು ಸಿಕ್ಕಿದ್ದು ಒಂದೇ, ಒಗೆಯುವ ಬಟ್ಟೆಯ ಬುಟ್ಟಿ. ಅದನ್ನು ಬೋರಲು ಹಾಕಿ ಪ್ರತಿ ಸಂಜೆ ಕಾಲಿಟ್ಟು, ತಲೆಯ ಮೇಲೆ ಸೌಟು ಅಡ್ಡ ಹಿಡಿದು ನಿಂತೆ. ಮೂರನೆಯ ಸಂಜೆ ಬುಟ್ಟಿ ಒಳಕ್ಕೆ ಕುಸಿಯಿತು. ಕಾಲಿಗೆ ಮಾತ್ರ ಧೈರ್ಯ ಬಂದಿತ್ತು.

ಆ ವಾರ ಕೆಳಮನೆಯಲ್ಲಿ ಎರಡು ಸಂಜೆ ಜನ ಸೇರಿ ಗುಸುಗುಸು ನಡೆಸಿದ್ದರು. ಉವೆಯ ದನಿ, ಕಾಟ್ರಿನ್ ದನಿ, ನಡುವೆ ಏನೋ ದಪ್ಪನೆ ನೆಲಕ್ಕಿಟ್ಟ ಸದ್ದು. ಹೆರ್ ಜೈಡೆಲ್ ಅವರಿಗೆ ಬೀಳ್ಕೊಡುಗೆಯ ಏರ್ಪಾಡು ಇರಬೇಕು ಎಂದುಕೊಂಡು ನಾನು ಇಣುಕಲಿಲ್ಲ. ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಾಗ ಕ್ರಿಸ್ಟೆಲ್ ಮಾವಶಿ ನನ್ನ ಕೆನ್ನೆ ತಟ್ಟಿ ಹೋಗುತ್ತಿದ್ದರು.

ಬಸ್ಸು ಮತ್ತು ಮೈದಾನ

ಸ್ಪರ್ಧೆಯ ದಿನ ಬಸ್ಸು ಮುಂಜಾನೆಯೇ ಹೊರಟಿತು. ಬಿಳಿ ಪ್ಯಾಂಟು, ನೀಲಿ ಕೋಟು, ಹುಬ್ಬಿನ ತನಕ ಇಳಿಯುವ ಟೋಪಿ. ಪ್ರವಾಸದ ಬಸ್ಸೆಂದರೆ ನಮ್ಮಲ್ಲಿ ಅಂತ್ಯಾಕ್ಷರಿ ಇರಬೇಕು, ಮಂಡಕ್ಕಿ ಹಂಚಬೇಕು, ಯಾರಾದರೂ ಒಬ್ಬರು ವಾಂತಿ ಮಾಡಿಕೊಳ್ಳಬೇಕು. ಅಲ್ಲಿ ಎಲ್ಲರೂ ಬೇಯಿಸಿದ ಮೊಟ್ಟೆ ಸುಲಿದು ತಿಂದು, ಸಿಪ್ಪೆಯನ್ನು ತಮ್ಮ ತಮ್ಮ ಡಬ್ಬಿಗೇ ಹಾಕಿಕೊಂಡು, ಕಿಟಕಿಯ ಹೊರಗೆ ನೋಡುತ್ತಾ ಕೂತರು. ಹೆರ್ ಜೈಡೆಲ್ ಮೊದಲ ಸೀಟಿನಲ್ಲಿ ಕೋಲನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಟ್ಟೆಯಿಂದ ಒರೆಸುತ್ತಿದ್ದರು. ಹೊಳೆಯುತ್ತಿದ್ದದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಮೈದಾನದ ಬಾಗಿಲಲ್ಲಿ ಶ್ರೀಧರ ಕ್ಯಾಮೆರಾ ತೂಗಿಕೊಂಡು ನಿಂತಿದ್ದ. ನಾನು ಕಿವಿಯಲ್ಲಿ ಹೇಳಿದೆ, "ಇವತ್ತ ಕಾಲು ಇಡ್ತೀನಿ. ಕಡೀ ಭಂಗಿ ಬಿಡಬ್ಯಾಡ, ಫೋಟೋ ಹೊಡಿ."

"ಸೂಪರ್ ಮಗಾ!" ಎಂದು ಬೆನ್ನಿಗೆ ಗುದ್ದಿದ.

ನಮ್ಮ ಸರದಿ ಬಂತು. ಹೆರ್ ಜೈಡೆಲ್ ಕೋಲು ಮೇಲೆತ್ತಿದರು, ಎಡಹೆಜ್ಜೆ, ಹೊರಟೆವು. ಒಂದು ಮಾತು ಹೇಳಲೇಬೇಕು: ಮೂವತ್ತು ಜನರ ಜೊತೆ ಒಂದೇ ಕಾಲು, ಒಂದೇ ಕೈ ಆಗಿ ನಡೆಯುವಾಗ ಆಗುವ ಖುಷಿಯನ್ನು ನಾನು ಶಾಲೆ ಬಿಟ್ಟ ಮೇಲೆ ಅವತ್ತೇ ಮತ್ತೆ ಕಂಡದ್ದು. ನನ್ನ ಎಡಗೈ ಸೋಮಾರಿತನ ಬಿಟ್ಟಿತ್ತು. ತಿರುವುಗಳಲ್ಲಿ ಸಾಲು ಎಲ್ಲೂ ಮುರಿಯಲಿಲ್ಲ. ಪಕ್ಕದಲ್ಲಿ ಉವೆಯ ಉಸಿರು ಕೇಳುತ್ತಿತ್ತು. ಬದಿಯಲ್ಲಿ ನಡೆಯುತ್ತಿದ್ದ ತೀರ್ಪುಗಾರರು ಕಡಿಮೆ ಬರೆದುಕೊಳ್ಳುತ್ತಿದ್ದರು. ಕಡಿಮೆ ಬರೆದಷ್ಟೂ ಒಳ್ಳೆಯದು.

ಕಡೆಯ ಸ್ವರಕ್ಕೆ ಕಹಳೆಗಳು ಮೇಲೆದ್ದವು. ಡ್ರಮ್ ಬಿಚ್ಚಿ ನೆಲಕ್ಕಿಟ್ಟೆ. ತಾಯೀ ಕ್ಷಮಿಸು ಎಂದೆ. ಎಡಗಾಲು ಎತ್ತಿದೆ, ಬಳೆಯ ಮೇಲೆ ಇಟ್ಟೆ, ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು, ಗದ್ದ ಎತ್ತಿ, ಎದೆ ಉಬ್ಬಿಸಿ ನಿಂತೆ. ಕಾಲು ಒಂದಿಷ್ಟೂ ನಡುಗಲಿಲ್ಲ.

ಕಣ್ಣಂಚಿನಲ್ಲಿ ಎರಡೂ ಕಡೆ ಎತ್ತಿದ ಕೋಲುಗಳು ಕಾಣಬೇಕಿತ್ತು. ಬರೀ ಆಕಾಶ ಕಂಡಿತು.

ಭಂಗಿಯಲ್ಲಿ ತಲೆ ತಿರುಗಿಸುವಂತಿಲ್ಲ. ಕಣ್ಣುಗುಡ್ಡೆ ಮಾತ್ರ ಕೆಳಗಿಳಿಸಿದೆ. ಎಡಕ್ಕೆ ಉವೆ ಮತ್ತು ಅವನ ಹೆಂಡತಿ, ಬಲಕ್ಕೆ ಕ್ರಿಸ್ಟೆಲ್ ಮಾವಶಿ ಮತ್ತು ಕಾಟ್ರಿನ್, ನಾಲ್ವರೂ ಕೋಲು ಕಂಕುಳಲ್ಲಿ ಇರುಕಿಸಿ, ಬಗ್ಗಿ, ಡ್ರಮ್ ಮುಟ್ಟಿ, ಕಣ್ಣಿಗೊತ್ತಿಕೊಂಡು ತಲೆತಗ್ಗಿಸಿ ನಿಂತಿದ್ದರು. ನಾಲ್ಕೂ ಕೈ ಒಂದೇ ಅಳತೆಯಲ್ಲಿದ್ದವು. ನಡುವೆ ನಾನೊಬ್ಬ, ದಂಡಯಾತ್ರೆ ಮುಗಿಸಿ ಬಂದ ಮಹಾರಾಜನಂತೆ, ಕಾಲೆತ್ತಿಕೊಂಡು.

ಇಳಿಸುವಂತಿಲ್ಲ, ಇಳಿಸಿದರೆ ಇನ್ನೊಂದು ತಪ್ಪು. ಕಹಳೆಯವರೋ ಅವತ್ತು ಭರ್ತಿ ಉಸಿರು ತುಂಬಿಕೊಂಡು ಬಂದಿದ್ದರು, ಸ್ವರ ಮುಗಿಯಲೇ ಇಲ್ಲ.

ಮೈದಾನದ ಹೊರಗೆ ಬಂದ ಕೂಡಲೇ ಕ್ರಿಸ್ಟೆಲ್ ಮಾವಶಿ ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದರು. "ಯಾಕೆ? ಯಾಕೆ ಹಾಗೆ ಮಾಡಿದೆ?"

"ನಿಮಗೋಸ್ಕರ," ಎಂದೆ.

"ನಾವು ನಿನಗೋಸ್ಕರ!" ಎಂದು ಕೂಗಿದರು. "ಎರಡು ಸಂಜೆ ನನ್ನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದೇವೆ!"

"ನನಗೆ ಹೇಳಬಾರದಿತ್ತೇ?"

"ನಿನಗೆ ಹೇಳುವುದೇನು? ನೀನು ಹೇಗಿದ್ದರೂ ಅದನ್ನೇ ತಾನೇ ಮಾಡುವವನು!"

ಅದೂ ಸರಿಯೇ. ನಾನು ತಲೆ ಚಚ್ಚಿಕೊಂಡೆ. ಉವೆ ನಗಲು ಶುರು ಮಾಡಿದವನು ಹುಲ್ಲಿನ ಮೇಲೆ ಕುಸಿದು ಕೂತ. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಗುವೋ ಅಳುವೋ ತಿಳಿಯಲಿಲ್ಲ. ನನ್ನ ಕಣ್ಣೂ ತುಂಬಿತ್ತು, ಅದು ಮಾತ್ರ ಅಳುವೇ. ಪರದೇಶದ ನಾಲ್ಕು ಜನ ಒಂದು ಸೌತೆಕಾಯಿ ಬನ್ನಿನ ಪರಿಚಯಕ್ಕೆ ತಮ್ಮ ಊರಿನ ಗುರುತನ್ನೇ ಬದಲಿಸಿಕೊಂಡಿದ್ದರು. ನಾನು ಅದರ ಮೇಲೆ ಬೂಟುಗಾಲಿಟ್ಟಿದ್ದೆ.

ಹೆರ್ ಜೈಡೆಲ್ ಕೊನೆಗೆ ಬಂದರು. ನನ್ನ ಮುಂದೆ ನಿಂತು ಎಡಗಾಲನ್ನೇ ನೋಡಿದರು.

"ಒಬ್ಬ ಸರಿ, ನಾಲ್ವರು ತಪ್ಪು, ನೋಡಿದ್ದೇನೆ. ನಾಲ್ವರು ಸರಿ, ಒಬ್ಬ ತಪ್ಪು, ಅದನ್ನೂ ನೋಡಿದ್ದೇನೆ," ಎಂದರು. "ಐದೂ ಜನ ಸರಿ ಇದ್ದು ಸಾಲು ತಪ್ಪಾದದ್ದು ಇದೇ ಮೊದಲು."

ಅವರು ನಕ್ಕದ್ದನ್ನು ನಾನು ನೋಡಿದ್ದೂ ಅದೇ ಮೊದಲು.

ಸಂಜೆ ಫಲಿತಾಂಶ ಓದಿದರು. ಮೇಲಿನಿಂದ ಓದುತ್ತಾ ಬಂದಂತೆ ನಮ್ಮ ಹೆಸರು ಬರಲೇ ಇಲ್ಲ, ಕ್ರಿಸ್ಟೆಲ್ ಮಾವಶಿ ನನ್ನ ಕೈಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದರು. ಇನ್ನು ಎರಡೇ ಹೆಸರು ಉಳಿದಾಗ ಲಿಂಡೆನ್‌ರೋಡ ಎಂದರು. ಕೊನೆಯಿಂದ ಎರಡನೆಯವರು! ಮೊದಲು ಬಂದ ದಂಡಿನವರು ನಮ್ಮ ಕುಣಿತ ನೋಡಿ, ತಮ್ಮ ಹೆಸರನ್ನೇ ತಪ್ಪಾಗಿ ಓದಿದರೇನೋ ಎಂದು ಗಾಬರಿಯಾದರು. ಕಡೆಯ ಭಂಗಿಯಲ್ಲಿ ಸಾಲು ಒಂದೇ ರೀತಿ ಇರಲಿಲ್ಲ ಎಂದು ಅಂಕ ಕಡಿದಿದ್ದರು. ನಾನು ತೆಪ್ಪಗೆ ನನ್ನ ಪಾಡಿಗೆ ನಮಸ್ಕಾರ ಮಾಡಿದ್ದರೆ ಇನ್ನೂ ಮೇಲೆ ಬರುತ್ತಿದ್ದೆವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೆರ್ ಜೈಡೆಲ್ ಕೋಲನ್ನು ಕಾಟ್ರಿನ್ ಕೈಗೆ ಒಪ್ಪಿಸಿ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಬಂದು ನಮ್ಮ ನಡುವೆ ಕೂತರು. ವಾಪಸ್ಸು ಬರುವಾಗ ನಾನು ಡ್ರಮ್ಮನ್ನು ಸಾಮಾನಿನ ಜೊತೆ ಇಡದೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಎಷ್ಟು ಸಲ ಕಣ್ಣಿಗೊತ್ತಿಕೊಂಡೆನೋ ಲೆಕ್ಕವಿಲ್ಲ.

ಗದಗ

ದೀಪಾವಳಿಗೆ ರಜೆ ಹಾಕಿ ಊರಿಗೆ ಬಂದೆ. ಶ್ರೀಧರ ತೆಗೆದ ಫೋಟೋವನ್ನು ದೊಡ್ಡದು ಮಾಡಿಸಿ ತಂದಿದ್ದೆ. ಅವ್ವ ಕರಿದ ಚಕ್ಕಲಿಯ ಬುಟ್ಟಿ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಚಾಳೀಸು ಏರಿಸಿ, ಫೋಟೋವನ್ನು ಬೆಳಕಿಗೆ ಹಿಡಿದಳು. ಎಲ್ಲರದೂ ಒಂದೇ ಕೋಟು, ಒಂದೇ ಟೋಪಿ. ಟೋಪಿಯ ನೆರಳಿನಲ್ಲಿ ಮುಖಗಳು ಅಷ್ಟು ಕಾಣುತ್ತಿರಲಿಲ್ಲ.

"ಅಯ್ಯ, ಎಷ್ಟ ಛಂದ ಕಣ್ಣಿಗೊತ್ತಿಗೊಳ್ಳಿಕ್ಕತ್ತಾರ ನೋಡ," ಎಂದಳು, ಮುಖವೆಲ್ಲ ಅರಳಿಸಿ. "ಪರದೇಶದ ಮಂದಿ. ಇವರಿಗೆ ಯಾರ ಕಲಿಸಿದ್ರೋ ಇದನ್ನ?"

"ನಾನ ಕಲಿಸಿದ್ದು ಅವ್ವ."

"ಶಾಬಾಶ್ ನನ್ನ ಮಗನ," ಎಂದು ನನ್ನ ತಲೆ ಸವರಿದಳು. ಮತ್ತೆ ಫೋಟೋ ನೋಡಿದಳು. ಹುಬ್ಬು ಗಂಟಿಕ್ಕಿತು. ಚಾಳೀಸು ಮೂಗಿನ ತುದಿಗೆ ಜಾರಿಸಿ, ನಟ್ಟನಡುವೆ ಬೆರಳಿಟ್ಟಳು.

"ಮತ್ತ ವಾದ್ಯದ ಮ್ಯಾಲ ಬೂಟ್ಗಾಲ ಇಟ್ಟ ನಿಂತಾನಲ್ಲ ಈ ಮಂಗ್ಯಾ, ಇಂವಗ ಯಾಕ ಕಲಿಸಲಿಲ್ಲ?"